ಮನೆ ದುರಸ್ತಿಯ ಅಂದಾಜಿಗೆ ತಕರಾರು ಬಂದಾಗ: ಚಿಕ್ಕಮಗಳೂರಿನಲ್ಲಿ ನನ್ನ ಅನುಭವ

ಹಳೆಯ ಮನೆಯನ್ನು ಕೊಳ್ಳಲು ಹೊರಟವರ ಪರವಾಗಿ ಆ ಮನೆಯನ್ನು ಪರೀಕ್ಷಿಸಿ, ಅದರ ದೋಷಗಳನ್ನೂ ದುರಸ್ತಿಗೆ ತಗಲಬಹುದಾದ ವೆಚ್ಚವನ್ನೂ ಬರೆದುಕೊಡುವುದು ಸಿವಿಲ್ ಎಂಜಿನಿಯರ್ ಆಗಿ ನಾನು ಚಿಕ್ಕಮಗಳೂರಿನಲ್ಲಿ ಮಾಡಿಕೊಂಡು ಬಂದಿರುವ ಕೆಲಸ. ದೋಷಗಳ ವಿಚಾರದಲ್ಲಿ ವಾದ ಬೆಳೆಯುವುದು ಅಪರೂಪ. ಗೋಡೆಯ ಬಿರುಕು, ಗೆದ್ದಲು ಹಿಡಿದ ತೊಲೆ, ನೀರು ಸೋರಿದ ಕಲೆ ಇವು ಎಲ್ಲರ ಕಣ್ಣಿಗೂ ಕಾಣುವಂಥವು. ತಕರಾರು ಬರುವುದು ವರದಿಯ ಕೊನೆಯಲ್ಲಿರುವ ಹಣದ ಮೊತ್ತದ ಬಗ್ಗೆ. "ನೀವು ಬರೆದದ್ದು ಒಂದೂವರೆ ಲಕ್ಷ, ಮೇಸ್ತ್ರಿ ಕೇಳುತ್ತಿರುವುದು ಮೂರು ಲಕ್ಷ" ಎಂದು ಒಬ್ಬರು ಫೋನ್ ಮಾಡಿದರೆ, "ನಮ್ಮೂರ ಆಚಾರಿ ಇದರ ಅರ್ಧಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ, ನೀವೇಕೆ ಹೆದರಿಸಿದಿರಿ" ಎಂದು ಇನ್ನೊಬ್ಬರು ಕೇಳುತ್ತಾರೆ. ಕೇಳುವವರ ಸಿಟ್ಟು ನ್ಯಾಯವಾದದ್ದೇ. ಆ ಅಂಕಿಯನ್ನು ನಂಬಿ ಅವರು ಮನೆಯ ಬೆಲೆ ಮಾತಾಡಿರುತ್ತಾರೆ, ಸಾಲ ಎತ್ತಿರುತ್ತಾರೆ, ಮಗಳ ಮದುವೆಗೆಂದು ಇಟ್ಟಿದ್ದ ಹಣವನ್ನು ಇದಕ್ಕೆ ತಿರುಗಿಸಿರುತ್ತಾರೆ.

ಇಂಥ ಕರೆ ಬಂದಾಗ ನಾನು ಫೋನಿನಲ್ಲಿ ಅಂಕಿಯನ್ನು ಸಮರ್ಥಿಸಿಕೊಳ್ಳುವುದಿಲ್ಲ, ಸಮಾಧಾನಕ್ಕಾಗಿ ಇಳಿಸುವುದೂ ಇಲ್ಲ. ಇನ್ನೊಬ್ಬರು ಹೇಳಿದ ದರವನ್ನು ಬರವಣಿಗೆಯಲ್ಲಿ, ಕೆಲಸವಾರು ಬಿಡಿಸಿ ತರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಮೇಸ್ತ್ರಿಗೆ ಬರೆಯುವ ರೂಢಿ ಇಲ್ಲದಿದ್ದರೆ ಅವರು ಬಾಯಲ್ಲಿ ಹೇಳಿದ್ದನ್ನು ಮನೆಯವರೇ ಬರೆದುಕೊಂಡರೂ ಸಾಕು. ಎರಡು ಮೊತ್ತಗಳನ್ನು ಎದುರುಬದುರು ಇಟ್ಟು ವಾದಿಸಿದರೆ ಯಾರೂ ಎಲ್ಲಿಗೂ ಮುಟ್ಟುವುದಿಲ್ಲ. ಮೊತ್ತವನ್ನು ಒಡೆದು, ಯಾವ ಕೆಲಸ, ಅದರ ಅಳತೆ ಎಷ್ಟು, ಅಳತೆಗೆ ದರವೆಷ್ಟು ಎಂದು ಬೇರ್ಪಡಿಸಿದಾಗ ವ್ಯತ್ಯಾಸ ಎಲ್ಲಿ ಹುಟ್ಟಿತೆಂಬುದು ತಾನಾಗಿ ಕಾಣತೊಡಗುತ್ತದೆ. ನಾನು ಕಂಡಂತೆ ಅದು ದರದಲ್ಲಿ ಹುಟ್ಟುವುದು ಕಡಿಮೆ. ಬಹುಪಾಲು ತಕರಾರುಗಳಲ್ಲಿ ಇಬ್ಬರೂ ಲೆಕ್ಕ ಹಾಕಿರುವ ಕೆಲಸವೇ ಬೇರೆಬೇರೆ.

ಕೊಪ್ಪದ ಕಡೆಯ ಒಂದು ಹೆಂಚಿನ ಮನೆಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಲೆನಾಡಿನ ಮನೆಗಳ ಬಗ್ಗೆ ಬರುವ ತಕರಾರುಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು. ಮನೆಯ ಅಳತೆ 30 ಅಡಿಗೆ 40 ಅಡಿ, ಅಂದರೆ ನೂರು ಚದರಡಿಗೆ ಒಂದು ಚದರದಂತೆ ಹನ್ನೆರಡು ಚದರ. ಮಾಡನ್ನು, ಅಂದರೆ ಹೆಂಚಿನ ಇಳಿಜಾರು ಚಾವಣಿಯನ್ನು ಬಿಚ್ಚಿ, ಕೆಟ್ಟ ಮರ ಬದಲಿಸಿ, ಮತ್ತೆ ಹೆಂಚು ಹೊದಿಸುವುದಕ್ಕೆ ನಾನು ಹತ್ತೊಂಬತ್ತು ಚದರದ ಲೆಕ್ಕ ಬರೆದಿದ್ದೆ. ಕೊಳ್ಳುವವರು ಬೆಂಗಳೂರಿನಲ್ಲಿ ನೌಕರಿ ಮುಗಿಸಿ ಊರಿಗೆ ಮರಳುತ್ತಿದ್ದವರು, "ಹನ್ನೆರಡು ಚದರದ ಮನೆಗೆ ಹತ್ತೊಂಬತ್ತು ಚದರದ ಮಾಡು ಎಲ್ಲಿಂದ ಬಂತು ಸರ್?" ಎಂದು ಕೇಳಿದರು. ಆ ಊರಿನ ಆಚಾರಿ ನನ್ನ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆ ಹೇಳಿದ್ದರು. ನಾನು ಇಬ್ಬರನ್ನೂ ಒಂದೇ ಹೊತ್ತಿಗೆ ಮನೆಯ ಹತ್ತಿರ ಬರುವಂತೆ ಕೇಳಿಕೊಂಡೆ.

ಅಲ್ಲಿ ಮೊದಲು ಟೇಪು ಹಿಡಿದು ಸೂರನ್ನು ಅಳೆದೆವು. ಮಳೆ ಗೋಡೆಗೆ ಬಡಿಯದಿರಲೆಂದು ನಾಲ್ಕೂ ಕಡೆ ಸೂರನ್ನು ಮೂರು ಮೂರು ಅಡಿ ಹೊರಗೆ ಚಾಚಿದ್ದರು, ಹಾಗಾಗಿ 30ಕ್ಕೆ 40 ಇದ್ದದ್ದು 36ಕ್ಕೆ 46 ಆಗಿ 1,656 ಚದರಡಿಗೆ ಬಂತು. ಇದು ನೆಲದ ಮೇಲೆ ಬೀಳುವ ನೆರಳಿನ ಅಳತೆ ಮಾತ್ರ. ಮಾಡು 30 ಡಿಗ್ರಿಯಷ್ಟು ಇಳಿಜಾರಾಗಿದ್ದುದರಿಂದ ಅದರ ಮೈ ಇದಕ್ಕಿಂತ ನೂರಕ್ಕೆ ಹದಿನೈದೂವರೆಯಷ್ಟು ಹೆಚ್ಚು; ಗುಣಿಸಿದರೆ 1,900 ಚದರಡಿ ದಾಟುತ್ತದೆ. ಒಂದು ಚದರಕ್ಕೆ ಸುಮಾರು 150 ಮಂಗಳೂರು ಹೆಂಚು ಬೇಕಾಗುತ್ತದೆ, ಆದ್ದರಿಂದ ಹನ್ನೆರಡು ಚದರವೆಂದುಕೊಂಡು 1,800 ಹೆಂಚು ತರಿಸಿದ್ದರೆ ಸಾವಿರ ಹೆಂಚಿನಷ್ಟು ಮಾಡು ಮಳೆಗಾಲಕ್ಕೆ ತೆರೆದೇ ಉಳಿಯುತ್ತಿತ್ತು. ಆಚಾರಿಯವರನ್ನು "ಆಚಾರ್ರೇ, ನಿಮ್ಮ ಲೆಕ್ಕದಲ್ಲಿ ಹೆಂಚು ಎಷ್ಟು ಹಿಡಿದಿದ್ದೀರಿ?" ಎಂದು ಕೇಳಿದಾಗ ಅವರು ಒಂದು ಕ್ಷಣವೂ ತಡವರಿಸದೆ, "ನಾನು ಹೇಳಿದ್ದು ಕೂಲಿ ಮಾತ್ರ ಸಾರ್, ಅದೂ ನೆಲದ ಚದರದ ಮೇಲೆ. ಹೆಂಚು, ಮರ, ಮೊಳೆ ಎಲ್ಲ ಮನೆಯವರದೇ" ಎಂದರು. ಅವರು ಯಾರನ್ನೂ ದಾರಿ ತಪ್ಪಿಸಿರಲಿಲ್ಲ. ಆ ಭಾಗದಲ್ಲಿ ಆಚಾರಿಗಳು ದರ ಹೇಳುವ ಕ್ರಮವೇ ಅದು, ಬೆಂಗಳೂರಿನಲ್ಲಿ ಸಾಮಾನು ಸಮೇತ ಗುತ್ತಿಗೆ ನೋಡಿ ಬಂದವರಿಗೆ ಅದು ತಿಳಿದಿರಲಿಲ್ಲ, ಅಷ್ಟೆ.

ಅದೇ ದಿನ ಇನ್ನೊಂದು ಸಂಗತಿಯನ್ನೂ ಇತ್ಯರ್ಥ ಮಾಡಿದೆವು. ಆಚಾರಿಯವರು ಹೆಂಚು ಕೂರುವ ತೆಳುಪಟ್ಟಿಗಳಾದ ರೀಪುಗಳನ್ನು ಮಾತ್ರ ಬದಲಿಸುವ ಲೆಕ್ಕದಲ್ಲಿದ್ದರು, ನಾನು ರೀಪುಗಳನ್ನು ಹೊರುವ ಇಳಿಜಾರು ಮರಗಳಾದ ಪಕಾಸಿಗಳಲ್ಲಿ ಕೆಲವನ್ನೂ ಸೇರಿಸಿದ್ದೆ. ಪಕಾಸಿ ನಡುವಿನಲ್ಲಿ ಎಷ್ಟೇ ಗಟ್ಟಿಯಾಗಿ ಕಂಡರೂ ಗೋಡೆಯ ಮೇಲೆ ಕೂರುವ ತುದಿಯಲ್ಲಿ ತೇವ ಹಿಡಿದು ಮೊದಲು ಅಲ್ಲಿಯೇ ಕೊಳೆಯುತ್ತದೆ, ಗೆದ್ದಲೂ ಮಣ್ಣಿನ ಗೋಡೆಯೊಳಗಿನಿಂದ ಹತ್ತಿ ಅಲ್ಲಿಗೇ ಬರುತ್ತದೆ. ಏಣಿ ಹಾಕಿ, ಸ್ಕ್ರೂಡ್ರೈವರಿನಿಂದ ಒಂದೊಂದು ತುದಿಯನ್ನೂ ಚುಚ್ಚಿ ನೋಡಲು ಆಚಾರಿಯವರಿಗೇ ಕೊಟ್ಟೆ. ಚುಚ್ಚಿದ್ದು ಒಳಗೆ ಇಳಿದ ಪಕಾಸಿಗಳಿಗೆ ಸೀಮೆಸುಣ್ಣದಲ್ಲಿ ಅವರೇ ಗುರುತು ಹಾಕಿದರು. ಮನೆಯವರಿಗೆ ನನ್ನ ಮಾತಿಗಿಂತ ಆ ಗುರುತುಗಳ ಮೇಲೆ ನಂಬಿಕೆ ಬಂತು, ಅದು ಸಹಜ. ಆಮೇಲೆ ಖರ್ಚು ಇಳಿಸುವ ದಾರಿಯನ್ನೂ ಅಲ್ಲಿಯೇ ಯೋಚಿಸಿದೆವು. ಬೇರೆಬೇರೆ ಕಾರ್ಖಾನೆಯ ಹೆಂಚುಗಳ ಅಂಚಿನಲ್ಲಿರುವ ಜೋಡಣೆಯ ತೋಡುಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಬೆರೆಸಿ ಹೊದಿಸಿದರೆ ಸೋರುವುದು ಖಚಿತ. ಅದಕ್ಕಾಗಿ ಬಿಚ್ಚಿದ ಹಳೆಯ ಹೆಂಚುಗಳಲ್ಲಿ ಗಟ್ಟಿಯಿದ್ದವನ್ನೆಲ್ಲ ಒಂದೇ ಇಳಿಜಾರಿಗೆ ಒಟ್ಟುಮಾಡಿ, ಇನ್ನೊಂದು ಇಳಿಜಾರಿಗೆ ಮಾತ್ರ ಹೊಸ ಹೆಂಚು ತರಿಸುವುದೆಂದು ತೀರ್ಮಾನವಾಯಿತು. ನನ್ನ ಅಂದಾಜು ಇಳಿದದ್ದು ಹೀಗೆ, ಕೆಲಸದ ಕ್ರಮ ಬದಲಾದದ್ದರಿಂದ.

ಕಡೂರು, ಬೀರೂರಿನ ಬಯಲುಸೀಮೆಯ ಕಡೆ ಬಂದರೆ ಮನೆಗಳು ಆರ್‌ಸಿಸಿ ತಾರಸಿಯವು, ತಕರಾರಿನ ದಿಕ್ಕೂ ತಿರುಗುತ್ತದೆ. ಅಲ್ಲಿ ನನ್ನ ಅಂದಾಜು ಕಡಿಮೆಯಾಯಿತು ಎನ್ನುವವರೇ ಹೆಚ್ಚು. ತಾರಸಿಯ ಒಳಮೈಯಲ್ಲಿ ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿರುತ್ತದೆ. ಕಂಬಿಯ ಕೆಳಗೆ ಕಾಂಕ್ರೀಟಿನ ಹೊದಿಕೆ ಸೌಮ್ಯ (ಮೈಲ್ಡ್) ವಾತಾವರಣದಲ್ಲಿ 20 ಮಿಲಿಮೀಟರ್ ಇರಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ಹಳೆಯ ಮನೆಗಳಲ್ಲಿ ಕಾಂಕ್ರೀಟು ಸುರಿಯಲು ಕೆಳಗೆ ಕಟ್ಟುವ ಸೆಂಟ್ರಿಂಗ್ ಹಲಗೆಯ ಮೇಲೆಯೇ ಕಂಬಿ ಕೂತುಬಿಟ್ಟಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಆದರೆ ಕಂಬಿ ಎಷ್ಟು ಸವೆದಿದೆ ಎಂಬುದು ಒಡೆದು, ಉಜ್ಜಿ, ಅಳೆದು ನೋಡುವ ತನಕ ಯಾರಿಗೂ ತಿಳಿಯುವುದಿಲ್ಲ. 8 ಮಿಲಿಮೀಟರಿನ ಕಂಬಿ 7ಕ್ಕೆ ಇಳಿದರೆ ಕಣ್ಣಿಗೆ ಅಂಥ ವ್ಯತ್ಯಾಸ ಕಾಣದು, ಆದರೆ ಅದರ ಅಡ್ಡಕೊಯ್ತದ ಕಬ್ಬಿಣದಲ್ಲಿ ಸುಮಾರು ಕಾಲು ಭಾಗ ಹೋಗಿರುತ್ತದೆ. ಆಗ ಬರೀ ತೇಪೆ ಸಾಲದು, ಹೊಸ ಕಂಬಿ ಕಟ್ಟಬೇಕಾಗುತ್ತದೆ.

ಆದ್ದರಿಂದ ಮುಚ್ಚಿರುವ ಭಾಗಕ್ಕೆ ಒಂದೇ ಅಂಕಿ ಬರೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಬರೆದು, ಯಾವ ಸಂಗತಿ ತಿಳಿದರೆ ಈ ಅಂತರ ಕುಗ್ಗುತ್ತದೆ ಎಂಬುದನ್ನೂ ಅದೇ ಸಾಲಿನ ಕೆಳಗೆ ಬರೆಯುತ್ತೇನೆ. ಗಿರಾಕಿಗೆ ಈ ಎರಡನೆಯ ಮಾತೇ ಮುಖ್ಯ. ವ್ಯಾಪಾರಕ್ಕೆ ಮೊದಲೇ ಮಾಲೀಕರನ್ನು ಒಪ್ಪಿಸಿ ಒಂದೆರಡು ಕಡೆ ಒಡೆಸಿ ನೋಡಿದರೆ ಅಂತರ ಎಷ್ಟೋ ಕಡಿಮೆಯಾಗುತ್ತದೆ. ಮಾಲೀಕರು ಒಪ್ಪದಿದ್ದರೆ, ಹೆಚ್ಚಿನ ಅಂಕಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಮಾತಾಡಿ ಎಂದು ಹೇಳುತ್ತೇನೆ.

ದರದ ಬಗ್ಗೆ ಬರುವ ತಕರಾರುಗಳಲ್ಲಿ ಒಂದು ಪ್ರಶ್ನೆಗೆ ಮತ್ತೆಮತ್ತೆ ಉತ್ತರಿಸಬೇಕಾಗುತ್ತದೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ತಂದು, ಇದರಲ್ಲಿ ಗಾರೆಗೆ ಇಷ್ಟೇ ಇದೆಯಲ್ಲ ಎನ್ನುವವರಿದ್ದಾರೆ. ಆ ಪಟ್ಟಿಯ ದರಗಳು ದೊಡ್ಡ ಪ್ರಮಾಣದ ಕಾಮಗಾರಿಗೆ ಹೊಂದುವಂಥವು. ಹತ್ತು ಚದರಡಿ ಗಾರೆ ಕೆಲಸಕ್ಕೆ ಬಂದ ಮೇಸ್ತ್ರಿಗೂ ಅವರ ಜೊತೆಯ ಆಳಿಗೂ ಇಡೀ ದಿನದ ಕೂಲಿಯನ್ನೇ ಕೊಡಬೇಕು, ಮರಳೂ ಸಿಮೆಂಟೂ ಸಾಗಿಸುವ ಗಾಡಿಯ ಬಾಡಿಗೆ ಒಂದು ಚೀಲಕ್ಕೂ ಹತ್ತು ಚೀಲಕ್ಕೂ ಅಷ್ಟೇ. ಚಿಕ್ಕ ಕೆಲಸಗಳನ್ನು ಹೀಗಾಗಿ ನಾನು ಚದರಡಿಯ ಲೆಕ್ಕದಲ್ಲಿ ಬರೆಯುವುದನ್ನೇ ಬಿಟ್ಟಿದ್ದೇನೆ, ಎಷ್ಟು ಆಳು, ಎಷ್ಟು ದಿನ, ಎಷ್ಟು ಸಾಮಾನು ಎಂದು ಬರೆಯುತ್ತೇನೆ. ತೆರಿಗೆಯನ್ನು ಬೇರೆ ಸಾಲಿನಲ್ಲಿಡುತ್ತೇನೆ. ನೋಂದಾಯಿತ ಗುತ್ತಿಗೆದಾರರು ಶೇ. 18ರ ಜಿಎಸ್‌ಟಿ ಸೇರಿಸಿ ಹೇಳಿದ ಮೊತ್ತವನ್ನು ಊರಿನ ಮೇಸ್ತ್ರಿಯ ಮೊತ್ತದೊಂದಿಗೆ ನೇರವಾಗಿ ಹೋಲಿಸಿ ಬೇಸರ ಮಾಡಿಕೊಂಡವರು ಬಹಳ ಮಂದಿ.

ಕಾಲದ ಪ್ರಶ್ನೆಯೂ ಇದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡು ಬಿಚ್ಚುವಂತಿಲ್ಲ. ಮಳೆ ಬಿಟ್ಟು ಸ್ವಲ್ಪ ದಿನಕ್ಕೇ ಕಾಫಿ ಕೊಯ್ಲು ಶುರುವಾಗಿ, ಅರೇಬಿಕಾ ಮುಗಿದು ರೊಬಸ್ಟಾ ಮುಗಿಯುವ ತನಕ ಆಳುಗಳು ತೋಟದಲ್ಲಿರುತ್ತಾರೆ. ಉಳಿದ ಎರಡು ಮೂರು ತಿಂಗಳ ಬಿಸಿಲಿನಲ್ಲಿ ಎಲ್ಲರಿಗೂ ಅದೇ ಆಚಾರಿ, ಅದೇ ಮೇಸ್ತ್ರಿ ಬೇಕು. ಅಕ್ಟೋಬರಿನಲ್ಲಿ ಬರೆದ ಕೂಲಿಯ ದರ ಏಪ್ರಿಲಿನಲ್ಲಿ ನಿಲ್ಲುವುದಿಲ್ಲ. ಹೆಂಚು ಘಟ್ಟ ಹತ್ತಿ ಬರಬೇಕಾದ್ದರಿಂದ ಚಾರ್ಮಾಡಿಯ ರಸ್ತೆಯಲ್ಲಿ ಮಣ್ಣು ಕುಸಿದ ವರ್ಷ ಸಾಗಣೆಯ ಖರ್ಚು ಬೇರೆಯಾಗುತ್ತದೆ. ವರದಿಯ ಮೊದಲ ಪುಟದಲ್ಲಿಯೇ ಈ ದರಗಳು ಯಾವ ತಿಂಗಳಿನವು, ಯಾವ ಊರಿಗೆ ಸಾಮಾನು ಮುಟ್ಟಿಸುವ ಲೆಕ್ಕದವು ಎಂದು ನಮೂದಿಸುತ್ತೇನೆ, ಕೆಲಸ ತಡವಾದರೆ ಅಳತೆಯನ್ನು ಹಾಗೆಯೇ ಇಟ್ಟುಕೊಂಡು ದರ ಮಾತ್ರ ಹೊಸದಾಗಿ ವಿಚಾರಿಸಿ ಎಂದೂ ಹೇಳುತ್ತೇನೆ. ಅಳತೆಗೆ ನಾನು ಹೊಣೆ. ಅದರಲ್ಲಿ ವ್ಯತ್ಯಾಸವಿದೆ ಎಂದು ಯಾರಾದರೂ ಹೇಳಿದರೆ ಮರಳಿ ಹೋಗಿ ಅಳೆದು ಕೊಡುವುದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ತಕರಾರು ಮಾರುವವರಿಂದ ಬರುತ್ತದೆ. ಅವರು ನನ್ನ ಗಿರಾಕಿಯಲ್ಲ, ಆದರೂ ನನ್ನ ಕಾಗದದಿಂದ ಅವರ ಮನೆಯ ಬೆಲೆ ಇಳಿದಿರುತ್ತದೆ. ನಗರದ ಒಂದು ಮನೆಯ ವೃದ್ಧ ಮಾಲೀಕರು ದಳ್ಳಾಳಿಯನ್ನು ಜೊತೆಗೆ ಕರೆದುಕೊಂಡು ಬಂದು, ಗೋಡೆಯ ಬಿರುಕಿನ ದುರಸ್ತಿಯನ್ನೂ ವಿದ್ಯುತ್ ತಂತಿಯ ಕೆಲಸವನ್ನೂ ಪಟ್ಟಿಯಿಂದ ತೆಗೆಯಬೇಕೆಂದು ಕೇಳಿದರು. ದಳ್ಳಾಳಿಯ ಮಾತನ್ನು ಬದಿಗಿಟ್ಟು, "ಯಜಮಾನರೇ, ನಿಮ್ಮ ಹತ್ತಿರ ಏನು ಕಾಗದವಿದೆಯೋ ಕೊಡಿ, ನೋಡುತ್ತೇನೆ" ಎಂದೆ. ಪರೀಕ್ಷೆಯ ದಿನ ಮನೆಗೆ ಕರೆಂಟು ಇರಲಿಲ್ಲವಾದ್ದರಿಂದ ತಂತಿಯ ಕೆಲಸಕ್ಕೆ ನಾನು ಅಂತರ ಕೊಟ್ಟು ಬರೆದು, ಕಾರಣವನ್ನೂ ನಮೂದಿಸಿದ್ದೆ. ಅವರು ಹೊಸ ತಂತಿ ಎಳೆಸಿದ ಬಿಲ್ಲು ತಂದುಕೊಟ್ಟರು. ಗಿರಾಕಿಯ ಒಪ್ಪಿಗೆ ಪಡೆದು ಮತ್ತೆ ಹೋಗಿ, ಸ್ವಿಚ್ ಪೆಟ್ಟಿಗೆಗಳನ್ನು ಬಿಚ್ಚಿಸಿ, ಅರ್ಥಿಂಗ್ ಪರೀಕ್ಷಿಸಿ ನೋಡಿದಾಗ ಕೆಲಸ ಚೆನ್ನಾಗಿಯೇ ಆಗಿತ್ತು. ಆ ಸಾಲನ್ನು ತೆಗೆದು, ದಿನಾಂಕ ಹಾಕಿದ ತಿದ್ದುಪಡಿ ಪುಟವನ್ನು ಗಿರಾಕಿಗೆ ಕಳುಹಿಸಿದೆ. ಬಿರುಕು ಮಾತ್ರ ತಳಪಾಯ ಕುಸಿದದ್ದರಿಂದ ಮೂಲೆಯಿಂದ ಓರೆಯಾಗಿ ಮೇಲೇರಿತ್ತು, ಹಿಂದೆ ಒಮ್ಮೆ ತುಂಬಿಸಿದ್ದ ಗಾರೆಯೂ ಮತ್ತೆ ಬಿರಿದಿತ್ತು. ಅದನ್ನು ಅವರಿಗೆ ಕೈಯಿಟ್ಟು ತೋರಿಸಿ, ಈ ಸಾಲು ಉಳಿಯುತ್ತದೆ ಎಂದು ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಎರಡು ಕಡೆಯವರೂ ಆ ಒಂದು ಮೊತ್ತದ ಬಗ್ಗೆ ಮಾತ್ರ ಮಾತಾಡಿ, ಅದರಲ್ಲಿ ಒಂದು ಭಾಗವನ್ನು ಬೆಲೆಯಿಂದ ಕಳೆದು ವ್ಯವಹಾರ ಮುಗಿಸಿಕೊಂಡರು.