ಮನಸ್ಸನ್ನು ಆಟಕ್ಕೆ ಪಳಗಿಸುವುದು ಹೇಗೆ?

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ವಾಲಿಬಾಲ್ ಅಂಕಣಗಳಲ್ಲೆಲ್ಲ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ನಡುರಾತ್ರಿಯವರೆಗೂ ಆಡಿದ ಹುಡುಗರು ಜೂನ್ ಮುಗಿಯುವಷ್ಟರಲ್ಲಿ ಚೆಂಡನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಅಕ್ಟೋಬರಿನಲ್ಲಿ ಮತ್ತೆ ಬಂದಾಗ, ‘ಸರ್, ಯಾಕೋ ಆಡಲು ಮನಸ್ಸೇ ಬರುತ್ತಿಲ್ಲ’ ಎನ್ನುತ್ತಾರೆ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ವಾಲಿಬಾಲ್ ಹೇಳಿಕೊಡುತ್ತಿರುವ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು.

ಮನಸ್ಸು ಬರಲಿ ಎಂದು ಕಾಯುತ್ತ ಕೂತರೆ ಅದು ಬರುವುದಿಲ್ಲ. ದೇಶಕ್ಕಾಗಿ ಆಡುವವರಿಗೂ ದಿನಾ ಹುಮ್ಮಸ್ಸು ಇರುವುದಿಲ್ಲ. ಅದನ್ನು ಕರೆತರುವ ದಾರಿಯನ್ನು ಅವರು ರೂಢಿ ಮಾಡಿಕೊಂಡಿರುತ್ತಾರೆ. ಅಂಗಳ ಕೈಗೆ ಸಿಗದ ಈ ಮಳೆಗಾಲವೇ ಆ ರೂಢಿ ಕಲಿಯಲು ಹೇಳಿಮಾಡಿಸಿದ ಕಾಲ ಎಂದು ನಾನು ನಂಬಿದ್ದೇನೆ.

ಹೆಜ್ಜೆ 1: ಗುರಿಯನ್ನು ಇವತ್ತಿನ ಸಂಜೆಗೆ ಇಳಿಸಿ

‘ಜಿಲ್ಲಾ ತಂಡಕ್ಕೆ ಆಯ್ಕೆಯಾಗಬೇಕು’ ಎಂಬ ಆಸೆ ಒಳ್ಳೆಯದೇ, ಆದರೆ ಅದು ಆಯ್ಕೆಗಾರರ ಕೈಯಲ್ಲಿದೆ. ‘ಜಗಲಿಯ ಗೋಡೆಗೆ ನೂರು ಸಲ ಬೆರಳತುದಿಯಿಂದ ಚೆಂಡು ಎತ್ತುತ್ತೇನೆ’ ಎಂಬುದು ನಿಮ್ಮ ಕೈಯಲ್ಲಿದೆ. ಅದಕ್ಕೊಂದು ಹೊತ್ತನ್ನೂ ಗೊತ್ತು ಮಾಡಿ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅಧ್ಯಯನ ಮಾಡಿದ್ದು ಇದನ್ನೇ: ‘ಹೀಗಾದ ಕೂಡಲೇ ಹೀಗೆ ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಂಡವರ ಕೆಲಸ ಬರಿಯ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಕೈಗೂಡುತ್ತದೆ. ‘ಸಂಜೆಯ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಚೆಂಡು ಹಿಡಿಯುತ್ತೇನೆ’ ಎಂದುಕೊಳ್ಳಿ. ಬೇಸರವಾದ ದಿನ ಹತ್ತೇ ನಿಮಿಷ ಮಾಡಿ, ಆಮೇಲೂ ಬೇಡವೆನಿಸಿದರೆ ನಿಲ್ಲಿಸಿ. ನಿಲ್ಲಿಸುವವರು ಕಡಿಮೆ.

ಹೆಜ್ಜೆ 2: ಕಣ್ಣು ಮುಚ್ಚಿ ಆಡಿ

2008ರ ಬೀಜಿಂಗ್ ಒಲಿಂಪಿಕ್ಸ್. 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಈಜುತ್ತಿದ್ದ ಮೈಕೆಲ್ ಫೆಲ್ಪ್ಸ್ ಅವರ ಕನ್ನಡಕದೊಳಗೆ ನೀರು ತುಂಬಿಕೊಂಡಿತು. ಕೊನೆಯ ಸುತ್ತಿನಲ್ಲಿ ಗೋಡೆಯೂ ಕಾಣದು. ಅವರು ಗಾಬರಿಯಾಗದೆ ಕೈ ಬೀಸಿದ್ದನ್ನು ಎಣಿಸುತ್ತ ಈಜಿದರು. ಗೋಡೆ ಮುಟ್ಟಿದಾಗ ಚಿನ್ನದ ಜೊತೆ 1 ನಿಮಿಷ 52.03 ಸೆಕೆಂಡುಗಳ ವಿಶ್ವದಾಖಲೆಯೂ ಅವರದಾಗಿತ್ತು. ಕೋಚ್ ಬಾಬ್ ಬೋಮನ್ ಬಾಲ್ಯದಿಂದಲೇ ಅವರಿಗೆ ಸ್ಪರ್ಧೆಯನ್ನು ಮನಸ್ಸಿನೊಳಗೆ ಮೊದಲಿನಿಂದ ಕೊನೆಯವರೆಗೆ ಈಜುವ ಅಭ್ಯಾಸ ಮಾಡಿಸಿದ್ದರು. ಎಲ್ಲವೂ ಸರಿಹೋಗುವ ಸ್ಪರ್ಧೆಯನ್ನಷ್ಟೇ ಅಲ್ಲ, ಎಡವಟ್ಟಾಗುವ ಸ್ಪರ್ಧೆಯನ್ನೂ.

ಇದನ್ನು ಜಗಲಿಯಲ್ಲೇ ಮಾಡಬಹುದು. ಆಡುವ ಶೂ ಹಾಕಿಕೊಂಡು, ಚೆಂಡು ಹಿಡಿದು ನಿಂತೇ ಮಾಡಿ. ಮಲಗಿ ಮಾಡಿದರೆ ನಿದ್ದೆ ಬರುತ್ತದೆ. ನಿಮ್ಮನ್ನು ನೀವು ಟಿವಿಯಲ್ಲಿ ನೋಡಿದಂತೆ ಕಲ್ಪಿಸಿಕೊಳ್ಳಬೇಡಿ. ನಿಮ್ಮ ಕಣ್ಣಿಗೆ ಅಂಕಣ ಹೇಗೆ ಕಾಣುತ್ತದೋ ಹಾಗೇ ಕಾಣಲಿ: ನೆಟ್‌ನ ಮೇಲಂಚಿನ ಬಿಳಿ ಪಟ್ಟಿ, ದೀಪಕ್ಕೆ ಮುತ್ತಿದ ಹುಳು, ಮೈಕಿನವರ ಕೂಗು. ಆಟದ ವೇಗ ನಿಜವಾದ ಆಟದಷ್ಟೇ ಇರಲಿ. ನಾಲ್ಕು ಸಲ ಚೆನ್ನಾಗಿ ಆಡಿ. ಐದನೆಯ ಸಲ ಪಾಸ್ ಕೆಡಲಿ, ಅಲ್ಲಿಂದ ಸುಧಾರಿಸಿಕೊಳ್ಳಿ. ದಿನಕ್ಕೆ ಐದು ನಿಮಿಷ ಸಾಕು.

ಹೆಜ್ಜೆ 3: ಎಂಟು ಸೆಕೆಂಡುಗಳನ್ನು ನಿಮ್ಮದಾಗಿಸಿಕೊಳ್ಳಿ

ತೀರ್ಪುಗಾರರು ಸೀಟಿ ಊದಿದ ಮೇಲೆ ಸರ್ವ್ ಮಾಡಲು ವಾಲಿಬಾಲ್‌ನಲ್ಲಿ ಎಂಟು ಸೆಕೆಂಡು ಸಮಯವಿದೆ. ಹೆದರಿದ ಆಟಗಾರ ಎರಡನೆಯ ಸೆಕೆಂಡಿಗೇ ಹೊಡೆದುಬಿಡುತ್ತಾನೆ, ಚೆಂಡು ನೆಟ್‌ಗೆ.

ನಮ್ಮ ತಂಡದ ಹುಡುಗಿಯೊಬ್ಬಳು ಹೀಗೆಯೇ 24–23ರಲ್ಲಿ ಸರ್ವ್ ಕಳೆದುಕೊಂಡು ಬಸ್ಸಿನಲ್ಲಿ ಊರು ಬರುವವರೆಗೂ ಅತ್ತಿದ್ದಳು. ಆ ಮಳೆಗಾಲವಿಡೀ ಶಾಲೆಯ ವರಾಂಡದಲ್ಲಿ ಅವಳು ಒಂದೇ ಕ್ರಮ ಕಲಿತಳು. ಎಡಗಾಲನ್ನು ಗೆರೆಯಿಂದ ಒಂದು ಗೇಣು ಹಿಂದಿಡುವುದು. ಅಂಗೈಯನ್ನು ಜೆರ್ಸಿಗೆ ಒರೆಸುವುದು. ಚೆಂಡನ್ನು ಎರಡು ಸಲ ನೆಲಕ್ಕೆ ಪುಟಿಸಿ, ಗಾಳಿ ತುಂಬುವ ತೂತು ತನ್ನ ಕಡೆ ಬರುವಂತೆ ತಿರುಗಿಸುವುದು. ಉದ್ದಕ್ಕೆ ಉಸಿರು ಬಿಟ್ಟು, ಎದುರಿನ ಅಂಕಣದಲ್ಲಿ ಒಂದು ಬೊಗಸೆಯಷ್ಟು ಜಾಗವನ್ನು ಮಾತ್ರ ನೋಡುವುದು. ಈಗ ಅವಳು ಸರ್ವ್‌ಗೆ ನಿಂತರೆ ಎದುರಾಳಿಗಳಿಗೇ ಪುಕುಪುಕು.

ಇದರ ಕೆಲಸ ಸರಳ. ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಉಸಿರು ಬಿಟ್ಟಾಗ ಎದೆಬಡಿತ ತಗ್ಗುತ್ತದೆ. ಮಾಡಬೇಕಾದ ಚಿಕ್ಕ ಕೆಲಸಗಳಿರುವಾಗ ‘ಸೋತರೆ ಏನು ಗತಿ’ ಎಂಬ ಯೋಚನೆಗೆ ನುಗ್ಗಲು ಸಂದಿಯೂ ಇರುವುದಿಲ್ಲ.

ಹೆಜ್ಜೆ 4: ನಿಮಗೆ ನೀವೇ ಹೇಳಿಕೊಳ್ಳುವ ಮಾತು

‘ನೆಟ್‌ಗೆ ಹೊಡೆಯಬಾರದು’ ಎಂದುಕೊಂಡರೆ ಮನಸ್ಸಿನಲ್ಲಿ ಮೂಡುವುದು ನೆಟ್ಟೇ. ‘ಕೈ ಎತ್ತರ’ ಎನ್ನಿ. ಎರಡು ಪದ ಸಾಕು.

ಹೆಜ್ಜೆ 5: ಸೋಲನ್ನು ಬರೆದಿಡಿ

ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಇಪ್ಪತ್ತು ವರ್ಷದ ಹುಡುಗ, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯ ಇನಿಂಗ್ಸ್‌ನಲ್ಲಿ 137. ಪ್ರತಿ ವರ್ಷ ಮಕ್ಕಳಿಗೆ ನಾನು ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸುತ್ತೇನೆ.

ಸೋತ ರಾತ್ರಿ ಏನನ್ನೂ ಬರೆಯಬೇಡಿ, ಆಗ ಕೈಗೆ ಬರುವುದು ಬೈಗುಳ. ಉಂಡು ಮಲಗಿ, ಬೆಳೆಯುವ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಎದ್ದು ಮೂರು ಸಾಲು ಬರೆಯಿರಿ: ಏನು ಚೆನ್ನಾಗಿತ್ತು, ಏನು ಕೆಟ್ಟಿತು, ಈ ವಾರ ಯಾವುದೊಂದನ್ನು ತಿದ್ದುತ್ತೇನೆ. ‘ಒಂದನ್ನು’ ಎಂಬುದು ಮುಖ್ಯ.

ಹೆಜ್ಜೆ 6: ಸಾಕೆನಿಸಿದಾಗ ಬಾಯಿ ಬಿಟ್ಟು ಹೇಳಿ

ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಂಡ ಫೈನಲ್‌ನ ನಡುವೆಯೇ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ಮೈ ಎಲ್ಲಿದೆ ಎಂಬ ಅಂದಾಜೇ ಅವರಿಗೆ ತಪ್ಪುತ್ತಿತ್ತು. ಎಷ್ಟೋ ಜನ ಹೇಡಿ ಎಂದರು. ಅವರು ನೆರವು ಪಡೆದರು, ಬಿಡುವು ತೆಗೆದುಕೊಂಡರು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಪ್ರೀತಿಯ ಆಟವೇ ಭಾರವಾದರೆ ಈ ಹೆಜ್ಜೆಗಳಷ್ಟೇ ಸಾಲವು. ಮನೆಯವರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು.

ನನ್ನಂಥ ಮೇಷ್ಟ್ರುಗಳಿಗೂ ಒಂದು ಮಾತು. ‘ಆಗುತ್ತಿಲ್ಲ ಸರ್’ ಎಂದು ಮಗು ಹೇಳಿಕೊಂಡು ಬಂದ ದಿನ ‘ಇನ್ನೆರಡು ಸುತ್ತು ಓಡು, ಸರಿಹೋಗುತ್ತದೆ’ ಎನ್ನಬೇಡಿ. ನಾನು ಒಬ್ಬ ಹುಡುಗನಿಗೆ ಹಾಗೆಂದಿದ್ದೆ. ಎರಡು ಸುತ್ತು ಓಡಿದ. ಮರುದಿನದಿಂದ ಅಂಕಣಕ್ಕೆ ಬರಲಿಲ್ಲ.