ಬ್ಲಾಸ್ಟ್ ತಡ್ಕೊಳ್ಳೋ ಗ್ಲಾಸ್ ಹಾಕ್ಸೋದು ಹೇಗೆ: ಫ್ರೇಮು, ಗೋಡೆನೂ ನೋಡಿ

ಸರ್ಕಾರಿ ಆಫೀಸು, ಕೋರ್ಟು, ಎಂಬಸಿ ಥರದ ಬಿಲ್ಡಿಂಗ್ ಡಿಸೈನ್ ಮಾಡೋರು 1998ರ ಆಗಸ್ಟ್ 7ರಂದು ನೈರೋಬಿಯ ಅಮೆರಿಕನ್ ಎಂಬಸಿ ಹತ್ರ ಏನಾಯ್ತು ಅಂತ ಓದ್ಲೇಬೇಕು. ಮೊದ್ಲು ಗೇಟ್ ಹತ್ರ ಸಣ್ಣ ಸ್ಫೋಟದ ಸದ್ದು ಬಂತು, ಸುತ್ತಲಿನ ಆಫೀಸ್‌ಗಳ ಜನ ಏನಪ್ಪಾ ಅಂತ ಕಿಟಕಿ ಹತ್ರ ಬಂದು ನೋಡ್ತಿದ್ರು, ಅಷ್ಟರಲ್ಲೇ ಟ್ರಕ್ ಬಾಂಬ್ ಸಿಡೀತು. 200ಕ್ಕೂ ಹೆಚ್ಚು ಜನ ಸತ್ರು, ಎಷ್ಟೋ ಜನರ ಕಣ್ಣು ಗಾಜಿನ ಚೂರಿಂದ ಹೋಯ್ತು.

ಗಾಜು ಒಡೆದ್ರೆ ಒಡೀಲಿ, ಚೂರು ರೂಮೊಳಗೆ ಹಾರ್ಬಾರ್ದು, ಇದೇ ಗುರಿ.

ಟಫನ್ಡ್ ಗ್ಲಾಸ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಹಾಕಿದೀವಿ ಸಾಕು ಅಂತ ತುಂಬಾ ಜನ ಅಂದ್ಕೊಳ್ತಾರೆ, ಸಾಲಲ್ಲ. ಯಾರೋ ಡಿಕ್ಕಿ ಹೊಡೆದ್ರೆ ಅದು ಸಣ್ಣ ಸಣ್ಣ ಹರಳಾಗಿ ಉದುರುತ್ತೆ ನಿಜ, ಆದ್ರೆ ಬ್ಲಾಸ್ಟಲ್ಲಿ ಅದೇ ಹರಳು ಭಾರೀ ಸ್ಪೀಡಲ್ಲಿ ಮುಖಕ್ಕೆ ಬರುತ್ತೆ. ಬೇಕಿರೋದು ಲ್ಯಾಮಿನೇಟೆಡ್, ಅಂದ್ರೆ ಎರಡು ಗಾಜಿನ ಮಧ್ಯೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ, ಗಾಜು ಒಡೆದ್ರೂ ಚೂರುಗಳು ಅದಕ್ಕೇ ಅಂಟ್ಕೊಂಡಿರುತ್ತೆ. ಅಮೆರಿಕದ ಮಿಲಿಟರಿ ಬಿಲ್ಡಿಂಗ್ ರೂಲ್ಸಲ್ಲಿ ಬಹಳ ಕಾಲ ಇದ್ದ ಕನಿಷ್ಠ ಲೆಕ್ಕ ಅಂದ್ರೆ 3 ಎಂಎಂ ಗಾಜು ಎರಡು, ಮಧ್ಯೆ 0.75 ಎಂಎಂ ಪಿವಿಬಿ. ಡಬಲ್ ಗ್ಲೇಜಿಂಗ್, ಅಂದ್ರೆ ನಡುವೆ ಗ್ಯಾಪ್ ಬಿಟ್ಟು ಎರಡು ಗಾಜು ಹಾಕೋದು, ಆದ್ರೆ ರೂಮಿನ ಕಡೆ ಇರೋ ಗಾಜು ಲ್ಯಾಮಿನೇಟೆಡ್ ಇರ್ಲೇಬೇಕು. ಮತ್ತೆ ಬುಲೆಟ್‌ಪ್ರೂಫ್ ಗ್ಲಾಸ್ ತಂದು ಇದಕ್ಕೂ ಆಗುತ್ತೆ ಅನ್ಬೇಡಿ, ಅದರ ಟೆಸ್ಟೇ ಬೇರೆ.

ಈಗ ಎಲ್ಲರೂ ಎಡವೋ ಜಾಗಕ್ಕೆ ಬರೋಣ. ಪ್ರೆಶರ್ ಬಂದಾಗ ಒಡೆದ ಲ್ಯಾಮಿನೇಟ್ ಒಳಗಡೆ ಉಬ್ಬಿ ನಾಲ್ಕೂ ಅಂಚನ್ನ ಎಳೆಯುತ್ತೆ, ಫ್ರೇಮ್ ಒಳಗೆ ಗಾಜು ಸ್ವಲ್ಪವೇ ಕೂತಿದ್ರೆ ಇಡೀ ಹಾಳೆನೇ ಕಿತ್ಕೊಂಡು ಜನರ ಮೇಲೆ ಬೀಳುತ್ತೆ, ಅದಕ್ಕೇ ಅಂಚು ಆಳವಾಗಿ ಕೂರ್ಬೇಕು, ಸ್ಟ್ರಕ್ಚರಲ್ ಸಿಲಿಕೋನ್ (ಭಾರ ತಡ್ಕೊಳ್ಳೋ ಗಟ್ಟಿ ಅಂಟು) ಹಾಕಿ ಫ್ರೇಮಿಗೆ ಹಿಡಿಸ್ಬೇಕು, ಆ ಫ್ರೇಮನ್ನ ಗೋಡೆಗೆ ಹಿಡಿಯೋ ಬೋಲ್ಟೂ ಅಷ್ಟೇ ಗಟ್ಟಿ ಇರ್ಬೇಕು. ಹಾಲೋ ಬ್ಲಾಕ್ ಗೋಡೆಗೆ ಎಷ್ಟು ದುಬಾರಿ ಗ್ಲಾಸ್ ಹಾಕಿದ್ರೂ ಪ್ರಯೋಜನ ಕಮ್ಮಿ. ಕ್ರಮ ನೆನಪಿಡಿ: ಸೋಲೋದಾದ್ರೆ ಮೊದ್ಲು ಗಾಜು, ಆಮೇಲೆ ಫ್ರೇಮು, ಕೊನೇಗೆ ಗೋಡೆ. ಸುಮ್ನೆ ದಪ್ಪ ಗಾಜು ಹಾಕಿದ್ರೆ ಈ ಕ್ರಮ ಉಲ್ಟಾ ಆಗ್ಬಹುದು.

ಹಳೇ ಬಿಲ್ಡಿಂಗಲ್ಲಿ ಇರೋ ಗಾಜಿಗೇ ಚೂರು ಹಿಡಿಯೋ ಪ್ಲಾಸ್ಟಿಕ್ ಫಿಲ್ಮ್ ಅಂಟಿಸ್ತಾರಲ್ಲ, ಅದ್ರಲ್ಲೂ ಇದೇ ಮಾತು. ಕಾಣೋ ಗಾಜಿಗೆ ಮಾತ್ರ ಅಂಟಿಸಿ ಬಿಟ್ರೆ ಅದು ತೀರಾ ವೀಕು, ಫ್ರೇಮಿಗೂ ಸೇರಿಸಿ ಹಿಡಿಸ್ಬೇಕು.

ಗಾಜಿಗೆ ದುಡ್ಡು ಸುರಿಯೋ ಮುಂಚೆ ಸೈಟ್ ನೋಡಿ. ದೂರ ಹೆಚ್ಚಾದಂಗೆ ಪ್ರೆಶರ್ ಬೇಗ ಇಳಿಯುತ್ತೆ, ಹಾಗಾಗಿ ಪಾರ್ಕಿಂಗ್ ಆಚೆ ಹಾಕಿ, ಬೊಲಾರ್ಡ್ (ಗಾಡಿ ತಡೆಯೋ ಗಟ್ಟಿ ಗಿಡ್ಡ ಕಂಬ) ನಿಲ್ಸಿ, ದೊಡ್ಡ ಗಾಜನ್ನ ಒಳ ಅಂಗಳದ ಕಡೆ ತಿರುಗಿಸಿ. ಒಕ್ಲಹೋಮಾ ಸಿಟಿಲಿ 1995ರ ಬಾಂಬ್‌ಗೆ ಹಾಳಾದ ಮರ್ರಾ ಬಿಲ್ಡಿಂಗ್ ಬದಲಿಗೆ ಕಟ್ಟಿದ ಹೊಸ ಫೆಡರಲ್ ಬಿಲ್ಡಿಂಗಲ್ಲಿ ಆರ್ಕಿಟೆಕ್ಟ್ ಕ್ಯಾರೊಲ್ ರಾಸ್ ಬಾರ್ನಿ ಅಂಗಳದ ಕಡೆ ಹಾಗೇ ಧಾರಾಳವಾಗಿ ಗಾಜು ಇಟ್ಟಿದಾರೆ, ನಂಗೆ ಅದು ತುಂಬಾ ಇಷ್ಟ. ಸೇಫ್ ಬಿಲ್ಡಿಂಗ್ ಅಂದ್ರೆ ಕೋಟೆ ಥರ ಇರ್ಬೇಕಾಗಿಲ್ಲ.

ಸಪ್ಲೈಯರ್ ಹತ್ರ ಗಾಜಿನ ರಿಪೋರ್ಟ್ ಒಂದೇ ತಗೋಬೇಡಿ, ಫ್ರೇಮ್ ಸಮೇತ ಟೆಸ್ಟ್ ಆದ ರಿಪೋರ್ಟ್ ಕೇಳಿ. ಎಎಸ್‌ಟಿಎಂ ಅನ್ನೋ ಸ್ಟ್ಯಾಂಡರ್ಡ್ಸ್ ಸಂಸ್ಥೆಯ ಎಫ್1642 ಥರದ ಬ್ಲಾಸ್ಟ್ ಟೆಸ್ಟಲ್ಲಿ ಕಿಟಕಿ ಹಿಂದೆ ಒಂದು ಪ್ಯಾನಲ್ ನಿಲ್ಸಿ, ಚೂರು ಎಷ್ಟು ದೂರ ಹೋಯ್ತು, ಅದಕ್ಕೆ ತಾಗ್ತಾ ಅಂತ ನೋಡಿ ರೇಟಿಂಗ್ ಕೊಡ್ತಾರೆ.

ಇನ್ನೊಂದು, ಈ ಗಾಜನ್ನ ಬೆಂಕಿ ಬಿದ್ದಾಗ ಒಳಗಿಂದ ಒಡೆದು ಹೊರಗೆ ಬರೋದು ಬಹಳ ಕಷ್ಟ. ಯಾವ ಕಿಟಕಿ ತೆರೀಬಹುದು ಅಂತ ಡ್ರಾಯಿಂಗಲ್ಲೇ ಗುರುತು ಹಾಕಿ, ಫೈರ್ ಸರ್ವಿಸ್‌ನೋರಿಗೂ ಒಂದು ಕಾಪಿ ಕೊಡಿ.