ಧಾರೆ ಮುಗಿದ ಮೇಲೆ ಅಜ್ಜಿಯ ಫೋಟೋ

"ಮೊಬೈಲ್ ಕಾಲದಲ್ಲಿ ಪ್ರಿಂಟ್ ಯಾರಿಗೆ ಬೇಕಪ್ಪ?" ತುಮಕೂರಿನಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯರೆಲ್ಲ ನನ್ನನ್ನು ಹೀಗೇ ಕೇಳಿದ್ದರು. ಈ ಸಲ ವೈಶಾಖದ ಮದುವೆಗಳು ಮುಗಿಯುವಷ್ಟರಲ್ಲಿ ಪ್ರಿಂಟರ್‌ಗೆ ಮಾಡಿದ ಸಾಲ ಪೂರ್ತಿ ತೀರಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಮಾಡುವುದು ಇಷ್ಟೇ. ಮದುವೆಗೆ ಬಂದ ಅಜ್ಜ ಅಜ್ಜಿಯರನ್ನು ಛತ್ರದ ಒಂದು ಮೂಲೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಒಂದು ಒಳ್ಳೆಯ ಫೋಟೋ ತೆಗೆಯುತ್ತೇನೆ. ಅಲ್ಲೇ 4×6 ಪ್ರಿಂಟ್ ಅವರ ಕೈಗೆ ಕೊಡುತ್ತೇನೆ. ಮನೆಯವರು ಕೇಳಿದರೆ ಆಮೇಲೆ 12×18 ಫ್ರೇಮ್ ಮಾಡಿಸಿ ಕೊಡುತ್ತೇನೆ.

ಇದು ತಲೆಗೆ ಬಂದದ್ದು 2019ರ ಜನವರಿಯಲ್ಲಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ವಾರ ಅದು. ಅವರ ಫೋಟೋ ಫ್ರೇಮ್ ಬೇಕು ಅಂತ ನನ್ನ ಅಂಗಡಿಗೆ ಜನ ಬರುತ್ತಲೇ ಇದ್ದರು. ಅವರೆಲ್ಲರ ಹತ್ತಿರವೂ ಮೊಬೈಲ್ ಇತ್ತು, ಮೊಬೈಲ್‌ನಲ್ಲಿ ಸ್ವಾಮೀಜಿ ಫೋಟೋನೂ ಇತ್ತು. ಆದರೂ ಗೋಡೆಗೆ ಒಂದು ಫೋಟೋ ಬೇಕಿತ್ತು.

ಅದೇ ತಿಂಗಳು ಒಂದು ರಾತ್ರಿ ಹನ್ನೊಂದು ಗಂಟೆಗೆ ಒಬ್ಬರು ಬಾಗಿಲು ತಟ್ಟಿದರು. ತಾಯಿ ತೀರಿಕೊಂಡಿದ್ದಾರೆ, ಬೆಳಗ್ಗೆಗೆ ಫೋಟೋ ಬೇಕು. ಒಬ್ಬರೇ ಇರುವ ಫೋಟೋ ಅಂದರೆ ಆಧಾರ್ ಕಾರ್ಡಿನದು ಮಾತ್ರ. ಇನ್ನೊಂದು ಮದುವೆ ಗ್ರೂಪಿನದು. ಅದರಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಮುಖ, ಮುಂದೆ ಯಾರದ್ದೋ ಪೇಟ. ಬೇರೆ ಹೆಂಗಸಿನ ಭುಜ, ಸೀರೆ ತಂದು ಜೋಡಿಸಿ ಎರಡು ಗಂಟೆ ಕೂತು ಮಾಡಿಕೊಟ್ಟೆ. ಬೆಳಗ್ಗೆ ತಗೊಂಡು ಹೋಗಲು ಬಂದ ಮಗಳು ಅದನ್ನು ನೋಡಿ, "ಅಣ್ಣಾ, ಇದು ನಮ್ಮಮ್ಮನ ಭುಜ ಅಲ್ಲ" ಅಂದರು. ಆ ಗ್ರೂಪ್ ಫೋಟೋ ತೆಗೆದಿದ್ದು ನಾನೇ. ಅವತ್ತು ಎರಡು ನಿಮಿಷ ಆ ತಾಯಿಯನ್ನು ಕೂರಿಸಿಕೊಂಡಿದ್ದರೆ ಸಾಕಿತ್ತು, ಅಲ್ವಾ?

ಶುರುವಿನಲ್ಲಿ ಎಲ್ಲವೂ ಕೆಟ್ಟಿತು. ಬಿಳಿ ಪರದೆ, ಎರಡು ಸಾಫ್ಟ್‌ಬಾಕ್ಸ್ (ಫ್ಲ್ಯಾಶ್ ಬೆಳಕನ್ನು ಮೆದು ಮಾಡುವ ಬಟ್ಟೆಯ ಡಬ್ಬಿ) ಹಾಕಿಕೊಂಡು ಕೂತೆ. ಮೊದಲ ಮದುವೆಯಲ್ಲಿ ಬಂದವರು ನಾಲ್ಕೇ ಜನ. ಫ್ಲ್ಯಾಶ್ ಹೊಡೆದರೆ ಕಣ್ಣು ಮುಚ್ಚುತ್ತಾರೆ, ಕನ್ನಡಕದಲ್ಲಿ ಎರಡು ಬಿಳಿ ಚೌಕ ಕೂರುತ್ತವೆ. ಬಂದ ಫೋಟೋ ಪಾಸ್‌ಪೋರ್ಟ್ ಫೋಟೋ ಥರ. ಪ್ರಿಂಟಿಗೆ 50 ರೂಪಾಯಿ ಅಂತ ಬೋರ್ಡ್ ಬೇರೆ ಹಾಕಿದ್ದೆ. ಅದೇ ದೊಡ್ಡ ತಪ್ಪು. ದುಡ್ಡು ಅಂದ ತಕ್ಷಣ ಅಜ್ಜಿಯ ಕೈ ಸೊಂಟದ ಎಲೆಅಡಿಕೆ ಚೀಲದ ಮೇಲೆ ಹೋಗುತ್ತದೆ. ಆಮೇಲೆ "ಬ್ಯಾಡ ಬಿಡಪ್ಪ, ಮದುವೆ ಹುಡುಗೀದು ತಗಿ" ಅಂತ ಎದ್ದುಬಿಡುತ್ತಾರೆ.

ಕರೆಂಟಿನ ಕಾಟ ಬೇರೆ. ಈ ಪ್ರಿಂಟರ್ ಹಾಳೆಗೆ ಒಂದೊಂದೇ ಬಣ್ಣ ಹತ್ತಿಸುತ್ತದೆ. ಹಳದಿ ಹತ್ತಿ ಕೆಂಪು ಹತ್ತುವಷ್ಟರಲ್ಲಿ ಛತ್ರದವರು ಜನರೇಟರ್‌ಗೆ ಬದಲಾಯಿಸುತ್ತಾರೆ, ಆ ಹಾಳೆ ಹೋಯ್ತು. ಕಂಪ್ಯೂಟರ್ ಯುಪಿಎಸ್ ಹಾಕಿ ನೋಡಿದೆ. ಪ್ರಿಂಟರ್ ಬಿಸಿಯಾಗಲು ಕರೆಂಟ್ ಎಳೆದ ಕೂಡಲೇ ಕೀ ಅಂತ ಕೂಗಿ ಆಫ್ ಆಗುತ್ತಿತ್ತು. ಮೊದಲ ವರ್ಷ ನೂರೈವತ್ತು ಹಾಳೆಯಾದರೂ ದಂಡವಾಗಿರಬೇಕು. ಕೊನೆಗೆ ಮನೆಯ ಇನ್ವರ್ಟರ್, ಬ್ಯಾಟರಿ ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಹೋಗಲು ಶುರು ಮಾಡಿದೆ. ಆಮೇಲೆ ಒಂದು ಹಾಳೆಯೂ ಹೋಗಿಲ್ಲ.

ಕೆಲಸ ಹಿಡಿದಿದ್ದು ಶಿರಾ ಕಡೆಯ ಒಂದು ಮದುವೆಯಲ್ಲಿ. ಬಿಳಿ ಪರದೆ ಮರೆತು ಹೋಗಿದ್ದೆ. ಅಲ್ಲೊಬ್ಬ ತಾತ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಬಂದಿದ್ದರು. ಕೇಳಿ ಇಸಕೊಂಡು ಗೋಡೆಗೆ ತೂಗುಹಾಕಿದೆ. ಕುರಿ ಉಣ್ಣೆಯ ಕಂಬಳಿ ಬೆಳಕನ್ನು ಪೂರ್ತಿ ಕುಡಿದುಬಿಡುತ್ತದೆ. ಒಂದು ಚೂರೂ ಹೊಳಪಿಲ್ಲ, ಸುಕ್ಕೂ ಕಾಣುವುದಿಲ್ಲ. ಅದರ ಮುಂದೆ ಬಿಳಿ ಕೂದಲು ಎಳೆ ಎಳೆಯಾಗಿ ಬಂತು.  ಅದಕ್ಕಿಂತ ಒಳ್ಳೆಯ ಬ್ಯಾಕ್‌ಡ್ರಾಪ್ ನಾನು ನೋಡಿಲ್ಲ.

ಈಗ ಫ್ಲ್ಯಾಶ್ ಹಾಕುವುದೇ ಇಲ್ಲ. ಊಟದ ಹಾಲ್ ದಾರಿಯಲ್ಲಿ ಬಿಸಿಲು ನೇರ ಬೀಳದ ಕಿಟಕಿ ಹುಡುಕುತ್ತೇನೆ. ಆ ಮೂಲೆಯ ಟ್ಯೂಬ್‌ಲೈಟ್ ಆರಿಸುತ್ತೇನೆ. ಕಿಟಕಿಯಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಕಂಬಳಿಯಿಂದ ಇನ್ನೂ ಸ್ವಲ್ಪ ಮುಂದೆ ಕುರ್ಚಿ. 85 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಂಡಿ) f/4ರ ಆಸುಪಾಸು. ಕನ್ನಡಕ ಇದ್ದರೆ ಕಿವಿಯ ಹತ್ತಿರ ಕಡ್ಡಿಯನ್ನು ಒಂದು ಚೂರು ಮೇಲೆತ್ತಿ, ಹೊಳಪು ಕೆಳಗೆ ಇಳಿಯುತ್ತದೆ. ಧಾರೆ ಆದ ಮೇಲೆ, ಊಟಕ್ಕೆ ಮುಂಚೆ ತೆಗೆಯಬೇಕು. ಊಟ ಆದರೆ ಬಾಯಲ್ಲಿ ಎಲೆಅಡಿಕೆ.

ವಯಸ್ಸಾದವರ ಕಣ್ಣು ಒಳಗೆ ಹೋಗಿರುತ್ತದೆ, ಹುಬ್ಬಿನ ನೆರಳು ಬೀಳುತ್ತದೆ. ಕೆಳಗಿನಿಂದ ಮುಖಕ್ಕೆ ಬೆಳಕು ಬೀಳಲಿ ಅಂತ ಊಟದ ಸ್ಟೀಲ್ ತಟ್ಟೆ ಹಿಡಿದು ನೋಡಿದೆ, ಮುಖದ ಮೇಲೆ ಚುಕ್ಕೆ ಚುಕ್ಕೆ ಬೆಳಕು ಬಿತ್ತು. ಕೊನೆಗೆ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಅವರ ತೊಡೆ ಮೇಲೇ ಇಟ್ಟೆ. ಕಣ್ಣಿಗೆ ಜೀವ ಬಂತು. ಕಪ್ಪು ಬಿಳುಪು ಪ್ರಿಂಟನ್ನೂ ಮಾಡಿ ನೋಡಿದೆ. ನನಗೆ ಬಹಳ ಇಷ್ಟವಾಯಿತು. ಒಬ್ಬ ಅಜ್ಜ ಮಾತ್ರ "ಆಗ್ಲೇ ಸತ್ತೋರ್ ಥರ ಕಾಣ್ತೀನಿ" ಅಂದರು. ಅಂದಿನಿಂದ ಕಲರೇ.

ಮದುವೆ ದಿನ ಇದೇನು ಅಪಶಕುನ ಅಂತ ಬೀಗರ ಕಡೆಯವರು ಒಮ್ಮೆ ಜಗಳಕ್ಕೇ ಬಂದರು. ಅದಕ್ಕೆ ಈಗ ಮೊದಲು ಮೊಮ್ಮಗುವನ್ನು ಪಕ್ಕ ನಿಲ್ಲಿಸಿ ಒಂದು ತೆಗೆಯುತ್ತೇನೆ. ಆಮೇಲೆ ಮಗುವನ್ನು ನನ್ನ ಹಿಂದೆ ನಿಲ್ಲಿಸಿ ಇನ್ನೊಂದು. ಕ್ಲಿಕ್ ಮಾಡುವ ಮುಂಚೆ ಅವರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಎಂಥ ಬಿಗಿದ ಮುಖವೂ ಸಡಿಲವಾಗುತ್ತದೆ. ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ. ಪೊರೆ ಬಂದ ಕಣ್ಣಿಗೆ ಎಡಿಟಿಂಗ್‌ನಲ್ಲಿ ಮಾಡುವ ಕೆಲಸವನ್ನೂ ಹೇಳಲಾರೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಪ್ರಿಂಟರ್ 42 ಸಾವಿರ, ಚೀಟಿ ಎತ್ತಿದ್ದು ಸಾಲದೆ ಸಾಲ ಮಾಡಿದೆ. ಹಾಳೆಗೆ 12-13 ರೂಪಾಯಿ ಬೀಳುತ್ತದೆ. ಈಗ ಅಜ್ಜಿಯರ ಹತ್ತಿರ ಒಂದು ಪೈಸೆಯೂ ಕೇಳುವುದಿಲ್ಲ. ಮದುವೆ ಪ್ಯಾಕೇಜಿಗೇ 6 ಸಾವಿರ ಸೇರಿಸುತ್ತೇನೆ. ಕಾರ್ತಿಕದಿಂದ ಇಲ್ಲಿಯವರೆಗೆ ಒಪ್ಪಿದ ಮದುವೆ ಹದಿನಾಲ್ಕು. ಒಂದೊಂದರಲ್ಲಿ ಸುಮಾರು ನಲವತ್ತು ಜನ ಹಿರಿಯರು. ಫ್ರೇಮ್ ನೂರೈವತ್ತು ದಾಟಿದೆ. ಒಂದಕ್ಕೆ 900, ನನಗೆ ಖರ್ಚು 400ರ ಒಳಗೆ. ಡ್ರೋನ್ ಹಾರಿಸುವ ಗೆಳೆಯರು ಈಗ ಫೋನ್ ಮಾಡಿ ಕಂಬಳಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ.

ಮೊನ್ನೆ ಮಧುಗಿರಿ ಹತ್ತಿರದ ಮದುವೆಯಲ್ಲಿ ಒಬ್ಬ ಅಜ್ಜಿ ಪ್ರಿಂಟ್ ಹಿಡಿದುಕೊಂಡು ವಾಪಸ್ ಬಂದರು. ಚೆನ್ನಾಗಿಲ್ಲವೇನೋ ಅಂದುಕೊಂಡೆ. "ಈ ಕಡೆ ಓಲೆ ಕಾಣ್ತೈತೆ, ಆ ಕಡೇದು ಕಾಣಕಿಲ್ಲ. ಇನ್ನೊಂದು ತಗಿಯಪ್ಪ" ಅಂದರು. ಕುರ್ಚಿಯನ್ನು ಕಿಟಕಿಯ ಕಡೆ ಸ್ವಲ್ಪ ತಿರುಗಿಸಿ, ಎರಡೂ ಓಲೆ ಕಾಣುವ ಹಾಗೆ ಇನ್ನೊಂದು ತೆಗೆದೆ. ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಊಟಕ್ಕೆ ಹೋದರು.